ಮಾರಾಟಕ್ಕಿರುವ ಲಾಫ್ಟ್: ಕಾರ್ಖಾನೆ ಮನೆಯಾದ ಬಗೆ

ಬೆಂಗಳೂರಿನ ಮನೆಗಳಲ್ಲಿ ಲಾಫ್ಟ್ ಎಂದರೆ ಬಾಗಿಲ ಮೇಲೆ, ಸೂರಿಗೆ ಎರಡಡಿ ಕೆಳಗೆ ಹಾಕಿಸಿದ ಕಾಂಕ್ರೀಟ್ ಹಲಗೆ. ಹಬ್ಬಕ್ಕೆ ಮಾತ್ರ ಇಳಿಸುವ ದೊಡ್ಡ ಪಾತ್ರೆ, ಹಳೆಯ ಟ್ರಂಕು, ದಸರೆ ಗೊಂಬೆಗಳ ಪೆಟ್ಟಿಗೆ ಅಲ್ಲಿ ಕೂತಿರುತ್ತವೆ. ಹಳೇ ಮನೆಗಳ ಅಟ್ಟಕ್ಕೆ ಅದು ತಮ್ಮನಿದ್ದ ಹಾಗೆ. ನ್ಯೂಯಾರ್ಕಿನ ಸೋಹೋ ಬಡಾವಣೆಯಲ್ಲಿ ‘ನವೀಕರಿಸಿದ ಲಾಫ್ಟ್ ಮಾರಾಟಕ್ಕಿದೆ’ ಎಂದರೆ ಮಾತ್ರ ಅರ್ಥ ಬೇರೆ. ಅಲ್ಲಿ ಲಾಫ್ಟ್ ಎಂದರೆ ಹಳೆಯ ಕಾರ್ಖಾನೆ ಅಥವಾ ಗೋದಾಮಿನ ಒಂದಿಡೀ ಮಹಡಿ. ಬೆಲೆ ಅನೇಕ ಸಲ ಹಲವು ದಶಲಕ್ಷ ಡಾಲರ್.

ಇಂಥ ಜಾಹೀರಾತುಗಳನ್ನು ನಾನು ಕೊಳ್ಳುವವನಾಗಿ ಅಲ್ಲ, ಬರೀ ಓದುಗನಾಗಿ ಗಮನಿಸುತ್ತ ಬಂದಿದ್ದೇನೆ. ಪದಗಳು ಹೆಚ್ಚು ಬದಲಾಗುವುದಿಲ್ಲ: ಎರಕದ ಕಬ್ಬಿಣದ ಕಂಬಗಳು, ಆಳೆತ್ತರಕ್ಕೂ ಮೀರಿದ ಕಿಟಕಿಗಳು, ಅಡ್ಡಗೋಡೆಯಿಲ್ಲದ ವಿಶಾಲ ಅಂಗಳ, ಗಾರೆ ಕಿತ್ತು ತೋರಿಸಿದ ಇಟ್ಟಿಗೆ ಗೋಡೆ, ಮನೆಯೊಳಕ್ಕೇ ಬಂದು ನಿಲ್ಲುವ ಲಿಫ್ಟು. ಇಷ್ಟೆಲ್ಲ ಆದ ಮೇಲೆ ಕೆಲವೊಮ್ಮೆ ಕೊನೆಯಲ್ಲಿ, ಯಾರೂ ಗಮನಿಸದಿರಲಿ ಎಂಬಂತೆ, ಒಂದು ಸಾಲು: ‘ಎ.ಐ.ಆರ್. ನಿಯಮ ಅನ್ವಯಿಸುತ್ತದೆ.’ ಎ.ಐ.ಆರ್. ಎಂದರೆ ನಮಗೆ ಆಕಾಶವಾಣಿ. ಅಲ್ಲಿ ಅದರ ವಿಸ್ತಾರ ‘ಆರ್ಟಿಸ್ಟ್ ಇನ್ ರೆಸಿಡೆನ್ಸ್’; ಒಳಗೆ ಕಲಾವಿದರು ವಾಸವಾಗಿದ್ದಾರೆ ಎಂಬ ಸೂಚನೆ. ಕೋಟಿಗಟ್ಟಲೆ ಕೊಟ್ಟು ಮನೆ ಕೊಳ್ಳುವವರಿಗೆ ‘ನೀವು ಕಲಾವಿದರೇ?’ ಎಂದು ಕಾನೂನು ಏಕೆ ಕೇಳಬೇಕು? ಉತ್ತರ ಹುಡುಕಲು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಸೋಹೋ ಎಂದರೆ ‘ಹೌಸ್ಟನ್ ಬೀದಿಯ ದಕ್ಷಿಣ’ ಎಂಬುದರ ಇಂಗ್ಲಿಷ್ ಹ್ರಸ್ವರೂಪ. ಟೆಕ್ಸಸ್ಸಿನ ಊರು ಹ್ಯೂಸ್ಟನ್. ನ್ಯೂಯಾರ್ಕಿನವರ ಬಾಯಲ್ಲಿ ಈ ಬೀದಿ ಹೌಸ್ಟನ್. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಇದು ಬಟ್ಟೆ, ಪಿಂಗಾಣಿ, ಗಾಜಿನ ಸಾಮಾನುಗಳ ಸಗಟು ಪೇಟೆಯಾಗಿತ್ತು. ಕೆಳಗೆ ಅಂಗಡಿ, ಮೇಲೆ ದಾಸ್ತಾನು ಮತ್ತು ತಯಾರಿಕೆ. ನಿವೇಶನಗಳು ಸಾಮಾನ್ಯವಾಗಿ 25 ಅಡಿ ಅಗಲ, 100 ಅಡಿ ಉದ್ದ. ಎರಡೂ ಪಕ್ಕಕ್ಕೆ ಇನ್ನೊಂದು ಕಟ್ಟಡ ಅಂಟಿಕೊಂಡಿರುವುದರಿಂದ ಬೆಳಕು ಬರಬೇಕಾದರೆ ಮುಂದಿನಿಂದ ಅಥವಾ ಹಿಂದಿನಿಂದ ಮಾತ್ರ. ವಿದ್ಯುತ್ ದೀಪ ಇಲ್ಲದ ಕಾಲ. ಹೊಲಿಯುವವಳಿಗೆ ಸೂಜಿಯ ಕಣ್ಣು ಕಾಣಬೇಕು, ಕೊಳ್ಳುವವನಿಗೆ ಬಟ್ಟೆಯ ಬಣ್ಣ ಕಾಣಬೇಕು.

ಇದಕ್ಕೆ ಸಿಕ್ಕ ಪರಿಹಾರವೇ ಎರಕದ ಕಬ್ಬಿಣ. ಕಲ್ಲಿನ ಗೋಡೆ ಭಾರ ಹೊರಬೇಕಾದರೆ ದಪ್ಪವಾಗಿರಬೇಕು, ಕಿಟಕಿ ಚಿಕ್ಕದಾಗಬೇಕು. ಅದೇ ಭಾರವನ್ನು ಕಬ್ಬಿಣದ ತೆಳು ಕಂಬ ಹೊರುತ್ತದೆ. ಜೇಮ್ಸ್ ಬೊಗಾರ್ಡಸ್, ಡೇನಿಯಲ್ ಬ್ಯಾಜರ್ ಮೊದಲಾದವರು ಇಡೀ ಮುಂಭಾಗವನ್ನೇ ಎರಕ ಹೊಯ್ದು ಕೊಡುತ್ತಿದ್ದರು. ಮಾಲೀಕ ಮಾದರಿ ಆರಿಸಿದರೆ ಸಾಕು. ತುಂಡುಗಳು ಗಾಡಿಯಲ್ಲಿ ಬಂದು, ಬೋಲ್ಟು ಹಾಕಿ ಜೋಡಿಸಿ, ಕಲ್ಲಿನಂತೆ ಕಾಣಲು ಬಣ್ಣ ಬಳಿಯಲಾಗುತ್ತಿತ್ತು. ನೆಲಮಾಳಿಗೆಗೂ ಬೆಳಕು ಬೇಕಿತ್ತು. 1845ರಲ್ಲಿ ಥಡಿಯಸ್ ಹಯಾಟ್ ಪೇಟೆಂಟ್ ಪಡೆದ ಉಪಾಯದಂತೆ ಕಬ್ಬಿಣದ ಚೌಕಟ್ಟಿನಲ್ಲಿ ಗಾಜಿನ ಬಿಲ್ಲೆಗಳನ್ನು ಕೂರಿಸಿ ಕಾಲುದಾರಿಗೇ ಹಾಸಿದರು. ಸೋಹೋದ ಕೆಲವು ಬೀದಿಗಳಲ್ಲಿ ಅವು ಇಂದಿಗೂ ಇವೆ. ಬ್ರಾಡ್‌ವೇ ಮತ್ತು ಬ್ರೂಮ್ ಬೀದಿಗಳು ಸೇರುವ ಮೂಲೆಯ ಹಾಫ್‌ವಟ್ ಕಟ್ಟಡದಲ್ಲಿ ಎಲಿಷಾ ಓಟಿಸ್ 1857ರಲ್ಲಿ ತನ್ನ ಮೊದಲ ಪ್ರಯಾಣಿಕರ ಲಿಫ್ಟ್ ಅಳವಡಿಸಿದ.

ಅಂದರೆ ಇಂದಿನ ಜಾಹೀರಾತು ಸೌಂದರ್ಯವೆಂದು ಮಾರುವ ಪ್ರತಿಯೊಂದೂ ಅಂದು ದುಡಿಮೆಯ ಅಗತ್ಯವಾಗಿತ್ತು. ದೊಡ್ಡ ಕಿಟಕಿ ಸೂಜಿಯ ಕಣ್ಣಿಗೆ, ತೆರೆದ ಅಂಗಳ ಸಾಲು ಮೇಜುಗಳಿಗೆ, ಲಿಫ್ಟು ಮೂಟೆಗಳಿಗೆ. ಆ ದುಡಿಮೆ ಎಂಥದಿತ್ತು ಎಂಬುದಕ್ಕೆ ಲಾಫ್ಟ್ ಎಂಬ ಪದದ ಜೊತೆ ಇನ್ನೊಂದು ನೆನಪೂ ಅಂಟಿಕೊಂಡಿದೆ. 1911ರ ಮಾರ್ಚ್ 25ರಂದು ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಯಲ್ಲಿ ಬೆಂಕಿ ಬಿದ್ದು 146 ಜನ ಸತ್ತರು. ಹೆಚ್ಚಿನವರು ವಲಸೆ ಬಂದ ಯಹೂದಿ ಮತ್ತು ಇಟಾಲಿಯನ್ ಹುಡುಗಿಯರು. ಒಂದು ಕಡೆಯ ಬಾಗಿಲಿಗೆ ಬೀಗ ಹಾಕಿತ್ತು. ಆ ಕಟ್ಟಡ ಸೋಹೋದ ಉತ್ತರಕ್ಕೆ, ವಾಷಿಂಗ್ಟನ್ ಚೌಕದ ಹತ್ತಿರ ಇದೆ. ಅಂದಿನವರು ಅದನ್ನೂ ಲಾಫ್ಟ್ ಕಟ್ಟಡವೆಂದೇ ಕರೆಯುತ್ತಿದ್ದರು.

ಇಪ್ಪತ್ತನೇ ಶತಮಾನಕ್ಕೆ ಬಟ್ಟೆ ವ್ಯಾಪಾರದ ದೊಡ್ಡವರು ಉತ್ತರಕ್ಕೆ ಸರಿದರು. ಉಳಿದವು ಚಿಂದಿ, ಕಾಗದ, ರಟ್ಟಿನ ಪೆಟ್ಟಿಗೆ, ಗೊಂಬೆ, ಟೋಪಿಗಳ ಸಣ್ಣ ಕಾರ್ಖಾನೆಗಳು. ಬೆಂಕಿ ಪದೇ ಪದೇ ಬೀಳುತ್ತಿತ್ತು. ಅಗ್ನಿಶಾಮಕ ದಳದವರು ಈ ಪ್ರದೇಶಕ್ಕೆ ‘ನರಕದ ನೂರು ಎಕರೆ’ ಎಂದು ಹೆಸರಿಟ್ಟರು. ಇದರ ಮೇಲೆ ರಾಬರ್ಟ್ ಮೋಸೆಸ್ ಅವರ ಯೋಜನೆಯ ನೆರಳೂ ಬಿತ್ತು: ಬ್ರೂಮ್ ಬೀದಿಯ ಗುಂಟ ಹತ್ತು ಪಥಗಳ ಹೆದ್ದಾರಿ ಎಬ್ಬಿಸಿ, ಹಾಲೆಂಡ್ ಸುರಂಗವನ್ನು ಪೂರ್ವದ ಸೇತುವೆಗಳಿಗೆ ಜೋಡಿಸುವುದು. ಇವತ್ತೋ ನಾಳೆಯೋ ಉರುಳುವ ಕಟ್ಟಡಕ್ಕೆ ಯಾರು ಸುಣ್ಣ ಹೊಡೆಸುತ್ತಾರೆ? ಮಾಲೀಕರು ರಿಪೇರಿ ಬಿಟ್ಟರು, ಬಾಡಿಗೆ ಇಳಿಯಿತು.

ನನ್ನ ಮಟ್ಟಿಗೆ ಈ ಕತೆಯ ತಿರುವು ಇರುವುದು 1963ರ ಒಂದು ಸರ್ಕಾರಿ ವರದಿಯಲ್ಲಿ. ಈ ಜಾಗವನ್ನು ಕೆಡವಬೇಕೇ ಎಂದು ನೋಡಲು ನಗರಾಡಳಿತ ಚೆಸ್ಟರ್ ರಾಪ್ಕಿನ್ ಎಂಬ ಅರ್ಥಶಾಸ್ತ್ರಜ್ಞರನ್ನು ನೇಮಿಸಿತು. ಬೇಡ ಎಂದರು ಅವರು. ಪಾಳು ಬಿದ್ದಂತೆ ಕಾಣುವ ಈ ಮಹಡಿಗಳಲ್ಲಿ ಸಾವಿರಾರು ಜನ ದುಡಿಯುತ್ತಿದ್ದಾರೆ. ಅವರಲ್ಲಿ ಬಹಳ ಮಂದಿ ಪೋರ್ಟೊರಿಕೊ ಮೂಲದವರು, ಕರಿಯರು. ಕೆಡವಿದರೆ ಅವರಿಗೆ ಬೇರೆ ಕೆಲಸ ಸಿಗುವುದು ಕಷ್ಟ ಎಂಬುದು ಅವರ ವಾದದ ತಿರುಳು. ಕಟ್ಟಡಗಳು ಆಗ ಉಳಿದದ್ದು ಅವುಗಳ ಚಂದಕ್ಕಲ್ಲ, ಒಳಗಿದ್ದ ಕೆಲಸಗಾರರ ಹೆಸರಿನಲ್ಲಿ. ಹೆದ್ದಾರಿಯ ವಿರುದ್ಧ ಹೋರಾಟವೂ ನಡೆಯಿತು. 1968ರ ಏಪ್ರಿಲಿನಲ್ಲಿ ಸಾರ್ವಜನಿಕ ವಿಚಾರಣೆಯೊಂದರಲ್ಲಿ ಲೇಖಕಿ ಜೇನ್ ಜೇಕಬ್ಸ್ ಬಂಧನಕ್ಕೊಳಗಾದರು. 1969ರಲ್ಲಿ ಯೋಜನೆ ಸತ್ತಿತು.

ಅಷ್ಟರಲ್ಲಿ ಖಾಲಿ ಮಹಡಿಗಳಿಗೆ ಕಲಾವಿದರು ಬಂದಿದ್ದರು. ದೊಡ್ಡ ಕ್ಯಾನ್ವಾಸ್ ನಿಲ್ಲಿಸಲು ಎತ್ತರ ಬೇಕು, ಬೆಳಕು ಬೇಕು, ಬಾಡಿಗೆ ಕಡಿಮೆಯಿರಬೇಕು, ಮೂರೂ ಅಲ್ಲಿತ್ತು. ಆದರೆ ಕೈಗಾರಿಕಾ ವಲಯದಲ್ಲಿ ವಾಸ ಕಾನೂನುಬಾಹಿರ. ಸಂಜೆ ಕಾರ್ಖಾನೆಯ ಹೊತ್ತು ಮುಗಿದೊಡನೆ ಕಟ್ಟಡ ಕಾಯಿಸುವ ಉಗಿ ನಿಲ್ಲುತ್ತಿತ್ತು. ನ್ಯೂಯಾರ್ಕಿನ ಚಳಿಯಲ್ಲಿ ಅದೇನೆಂದು ಹೇಳಬೇಕಿಲ್ಲ. ತಪಾಸಣೆಯವರು ಬಂದರೆ ಹಾಸಿಗೆ ಅಡಗಿಸಬೇಕು. ಕೆಳಗೆ ಕರೆಗಂಟೆಯಿಲ್ಲ, ಗೆಳೆಯರು ಬೀದಿಯಿಂದ ಕೂಗಿದರೆ ಮೇಲಿನಿಂದ ಕೀಲಿಕೈಯನ್ನು ಕಾಲುಚೀಲದಲ್ಲಿ ಹಾಕಿ ಎಸೆಯಬೇಕು. 1961ರಲ್ಲಿ ಕಲಾವಿದರ ಬಾಡಿಗೆದಾರರ ಸಂಘ ‘ನಮ್ಮ ಕೃತಿಗಳನ್ನು ಎಲ್ಲೂ ಪ್ರದರ್ಶಿಸುವುದಿಲ್ಲ’ ಎಂದು ಮುಷ್ಕರದ ಬೆದರಿಕೆ ಹಾಕಿತು. ನಗರ ಒಂದು ರಾಜಿಗೆ ಬಂತು: ಕಟ್ಟಡದ ಹೊರಗೆ ‘ಎ.ಐ.ಆರ್.’ ಎಂದು ಫಲಕ ಹಾಕಿ, ಯಾವ ಮಹಡಿ ಎಂದು ಬರೆಯಿರಿ. ಬೆಂಕಿ ಬಿದ್ದರೆ ಒಳಗೆ ಮನುಷ್ಯರಿದ್ದಾರೆಂದು ಅಗ್ನಿಶಾಮಕದವರಿಗೆ ತಿಳಿಯಲಿ. ಆ ಮೂರಕ್ಷರ ಮೊದಲು ಹುಟ್ಟಿದ್ದು ಜೀವ ಉಳಿಸಿಕೊಳ್ಳಲು.

1967ರಲ್ಲಿ ಫ್ಲಕ್ಸಸ್ ಕಲಾಪಂಥದ ಜಾರ್ಜ್ ಮಚ್ಯೂನಸ್ ವೂಸ್ಟರ್ ಬೀದಿಯ 80ನೇ ನಂಬರಿನ ಕಟ್ಟಡವನ್ನು ಕಲಾವಿದರ ಸಹಕಾರಿ ವಸತಿಯಾಗಿ ಮಾಡಿದ. ಮುಂದಿನ ವರ್ಷ ಶಿಲ್ಪಿ ಡೊನಾಲ್ಡ್ ಜಡ್ 1870ರ ಐದು ಮಹಡಿಯ ಕಟ್ಟಡವೊಂದನ್ನು 68,000 ಡಾಲರಿಗೆ ಕೊಂಡು, ಮಲಗಲು, ಉಣ್ಣಲು, ಕೆಲಸಕ್ಕೆ ಬೇರೆ ಬೇರೆ ಮಹಡಿ ಇಟ್ಟುಕೊಂಡ. ಸ್ಪ್ರಿಂಗ್ ಬೀದಿಯ ಆ ಮನೆ ಈಗ ಸಾರ್ವಜನಿಕರು ನೋಡಬಹುದಾದ ಸ್ಮಾರಕ.

1971ರಲ್ಲಿ ನಗರ ಕಾನೂನನ್ನೇ ತಿದ್ದಿತು. ಆ ತಿದ್ದುಪಡಿಯ ತರ್ಕ ಸ್ವಾರಸ್ಯವಾಗಿದೆ. ಕೈಗಾರಿಕಾ ವಲಯವನ್ನು ವಸತಿ ವಲಯವೆಂದು ಅದು ಕರೆಯಲಿಲ್ಲ. ಚಿತ್ರ ಬರೆಯುವುದೂ ಒಂದು ತಯಾರಿಕೆ, ಕಲಾವಿದನೂ ಒಬ್ಬ ಉತ್ಪಾದಕ, ಅವನು ತನ್ನ ಕಾರ್ಯಾಗಾರದಲ್ಲೇ ಮಲಗುತ್ತಾನೆ ಅಷ್ಟೆ ಎಂಬ ನೆಲೆಯಲ್ಲಿ, ನಗರದ ಸಂಸ್ಕೃತಿ ಇಲಾಖೆಯಿಂದ ಪ್ರಮಾಣಪತ್ರ ಪಡೆದ ಕಲಾವಿದರಿಗೆ ಮಾತ್ರ ವಾಸಕ್ಕೆ ಅನುಮತಿ ಕೊಟ್ಟಿತು. ಕಾನೂನಿನ ಕಣ್ಣಿಗೆ ಆ ಮನೆ ಕಾರ್ಖಾನೆಯಾಗಿಯೇ ಉಳಿಯಿತು. 1973ರಲ್ಲಿ ಸುಮಾರು 500 ಕಟ್ಟಡಗಳ ಪ್ರದೇಶ ಐತಿಹಾಸಿಕ ವಲಯವೆಂದು ಘೋಷಿತವಾಯಿತು.

ಮುಂದಿನದು ವೇಗವಾಗಿ ನಡೆಯಿತು. ಗ್ಯಾಲರಿಗಳು ಬಂದವು, ಅವುಗಳ ಹಿಂದೆ ಪತ್ರಿಕೆಗಳ ಬಣ್ಣದ ಚಿತ್ರಗಳು, ಅವುಗಳ ಹಿಂದೆ ವಕೀಲರು, ಹಣಕಾಸಿನವರು. ಸಮಾಜಶಾಸ್ತ್ರಜ್ಞೆ ಶಾರನ್ ಜ಼ೂಕಿನ್ 1982ರ ತಮ್ಮ ‘ಲಾಫ್ಟ್ ಲಿವಿಂಗ್’ ಪುಸ್ತಕದಲ್ಲಿ ಈ ಬದಲಾವಣೆಯಲ್ಲಿ ಬಂಡವಾಳದ ಪಾತ್ರವನ್ನು ಬಿಡಿಸಿ ತೋರಿಸಿದರು. ಬಾಡಿಗೆದಾರರ ರಕ್ಷಣೆಗೆ ರಾಜ್ಯದ ಲಾಫ್ಟ್ ಕಾಯಿದೆ ಬಂದದ್ದೂ ಅದೇ ವರ್ಷ. ಬೆಲೆ ಏರಿದಂತೆ ಗ್ಯಾಲರಿಗಳು ಚೆಲ್ಸಿಯಾಕ್ಕೆ ಹೋದವು, ಕಲಾವಿದರು ನದಿಯಾಚೆಗೆ. 2021ರ ಡಿಸೆಂಬರಿನಲ್ಲಿ ವಲಯ ನಿಯಮ ಮತ್ತೆ ಬದಲಾಗಿ, ಕಲಾ ನಿಧಿಗೆ ಚದರಡಿಗೆ 100 ಡಾಲರ್ ಕಟ್ಟಿದರೆ ಕಲಾವಿದರ ಲಾಫ್ಟನ್ನು ಮಾಮೂಲಿ ಮನೆಯಾಗಿ ಪರಿವರ್ತಿಸಬಹುದು ಎಂದಾಯಿತು. ಆ ಶುಲ್ಕ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ಕಲಾವಿದರು ಜಾಗ ಕಳೆದುಕೊಂಡ ದುಃಖವನ್ನು ಬರೆದವರು ಬಹಳ. ಆದರೆ ಕಲಾವಿದರಿಗೆ ಕನಿಷ್ಠ ಮೂರಕ್ಷರದ ಗುರುತಾದರೂ ದಕ್ಕಿತು. ಯಾರ ಕೆಲಸದ ಹೆಸರು ಹೇಳಿ ರಾಪ್ಕಿನ್ ಈ ಕಟ್ಟಡಗಳನ್ನು ಉಳಿಸಿದರೋ ಆ ಪೆಟ್ಟಿಗೆ ಅಂಟಿಸುವವರಿಗೆ, ಗೊಂಬೆಗೆ ಅಂಗಿ ಹೊಲಿಯುವವರಿಗೆ ಯಾವ ಫಲಕವೂ ಇರಲಿಲ್ಲ. ಅವರ ಕೆಲಸ ಹೋದದ್ದು ಸದ್ದಿಲ್ಲದೆ, ಒಂದೊಂದೇ ಮಹಡಿಯಾಗಿ. ನಮ್ಮಲ್ಲಾದರೂ ಅಷ್ಟೇ: ಬೆಂಗಳೂರಿನಲ್ಲಿ ಬಿನ್ನಿ ಮಿಲ್ ಇದ್ದ ನೆಲದಲ್ಲಿ ಈಗ ಅಪಾರ್ಟ್‌ಮೆಂಟ್ ಗೋಪುರಗಳಿವೆ, ಸೋಹೋದಲ್ಲಿ ಗೋಡೆಯಾದರೂ ನಿಂತಿದೆ, ಇಲ್ಲಿ ಅದೂ ಇಲ್ಲ. ಅದೇ ಊರಿನ ಹೊಸ ಕಾಫಿ ಅಂಗಡಿಗಳು ಮಾತ್ರ ಕಾರ್ಖಾನೆಯಂತೆ ಕಾಣಲೆಂದು ಇಟ್ಟಿಗೆ ಗೋಡೆಗೆ ಗಾರೆ ಹಚ್ಚದೆ ಬಿಡುತ್ತವೆ.

ಆದ್ದರಿಂದಲೇ ಜಾಹೀರಾತಿನ ಕೊನೆಯ ಆ ಸಣ್ಣ ಸಾಲು ನನಗೆ ಉಳಿದೆಲ್ಲ ಸಾಲುಗಳಿಗಿಂತ ಪ್ರಾಮಾಣಿಕ ಅನಿಸುತ್ತದೆ. ಕೊಳ್ಳುವವರಿಗೆ ಅದು ಕಿರಿಕಿರಿ, ದಲ್ಲಾಳಿಗೆ ತೊಡಕು. ಆದರೆ ಇದು ಏನನ್ನೋ ತಯಾರಿಸುತ್ತಿದ್ದ ಜಾಗ, ನೀವೇನು ತಯಾರಿಸುತ್ತೀರಿ ಎಂದು ಕೇಳುವ ಸಾಲು ಇಡೀ ಪುಟದಲ್ಲಿ ಅದೊಂದೇ.