ತವರಿನ ರಕ್ತ

ಹಿಮೋಫಿಲಿಯಾ ಎಂಬ ಹೆಸರು ಹತ್ತೊಂಬತ್ತನೆಯ ಶತಮಾನದ್ದು; ರೋಗ ಅದಕ್ಕಿಂತ ಎಷ್ಟೋ ಹಳೆಯದು. ಸುನ್ನತಿಯಿಂದ ಇಬ್ಬರು ಅಣ್ಣಂದಿರು ತೀರಿಕೊಂಡಿದ್ದರೆ ಮೂರನೆಯವನಿಗೆ ಅದನ್ನು ಮಾಡಬಾರದೆಂದು ಯಹೂದಿಗಳ ತಾಲ್ಮುಡ್ ಹೇಳುತ್ತದೆ. ಅಕ್ಕತಂಗಿಯರ ಮಕ್ಕಳ ವಿಷಯದಲ್ಲೂ ಇದೇ ವಿಚಾರ. ಕಾರಣ ತಿಳಿಯದಿದ್ದರೂ ಕೇಡು ತಾಯಿಯ ಕಡೆಯಿಂದ ಬರುತ್ತದೆಂಬುದನ್ನು ಅವರು ಗುರುತಿಸಿದ್ದರು. ವಿಕ್ಟೋರಿಯಾ ರಾಣಿಯ ಸಂತತಿಯ ಹೆಣ್ಣುಮಕ್ಕಳ ಮೂಲಕ ಅದು ರಷ್ಯಾದ ಅರಮನೆಗೂ ಹೋಯಿತು.

ಹುಬ್ಬಳ್ಳಿಗೆ ಕೊಟ್ಟಿದ್ದ ನಮ್ಮ ಸೋದರತ್ತೆಯ ಮಗನಿಗೂ ಇದೇ ರೋಗ. ಮೊಳಕಾಲೊಳಗೆ ರಕ್ತ ಸೋರಿ ಬಾತುಕೊಂಡಾಗಲೆಲ್ಲ ಬರ್ಫ ಇಟ್ಟು ರಾತ್ರಿ ಕಳೆಯುವುದು. 'ನಿನ್ನ ತವರಮನಿ ರಕ್ತನ ಸರಿ ಇಲ್ಲ' ಎಂದು ಅವಳ ಅತ್ತೆ ಅನ್ನುವಳು. ತವರುಮನೆಯೆಂದರೆ ನಮ್ಮದೇ ಮನೆ. ನಮ್ಮಲ್ಲಿ ಹಿಂದೆ ಯಾರಿಗೂ ಈ ರೋಗವಿದ್ದಿಲ್ಲ. ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ಹೀಗೆ ಮನೆತನದ ಹಿನ್ನೆಲೆಯೇ ಇರುವುದಿಲ್ಲವೆಂದು ಆ ಕಾಲಕ್ಕೆ ಅವಳಿಗೆ ಹೇಳುವವರಾದರೂ ಯಾರು?

ಅಮೆರಿಕದ ಜುಡಿತ್ ಪೂಲ್ 1964ರಲ್ಲಿ ದಾರಿಯೊಂದನ್ನು ಕಂಡಳು. ಹೆಪ್ಪುಗಟ್ಟಿಸಿದ ಪ್ಲಾಸ್ಮಾ ನಿಧಾನವಾಗಿ ಕರಗುವಾಗ ತಳದಲ್ಲಿ ಉಳಿಯುವ ಗಸಿಯಲ್ಲಿ, ಈ ರೋಗಿಗಳಲ್ಲಿ ಕೊರತೆಯಾಗುವ ಎಂಟನೆಯ ಫ್ಯಾಕ್ಟರ್ ಇತ್ತು. ಆಮೇಲೆ ಬಂದ ಫ್ಯಾಕ್ಟರ್ ಪುಡಿಯನ್ನು ಸಾವಿರಾರು ಜನರ ರಕ್ತ ಕೂಡಿಸಿ ಮಾಡುತ್ತಿದ್ದರು. ಎಂಬತ್ತರ ದಶಕದಲ್ಲಿ ಅದರಿಂದಲೇ ಪರದೇಶಗಳ ಎಷ್ಟೋ ರೋಗಿಗಳಿಗೆ ಏಡ್ಸ್ ತಗುಲಿತು. ನಮ್ಮ ಕಡೆಯವರಿಗೆ ದಿಕ್ಕಾದದ್ದು ದಾವಣಗೆರೆ. ಸ್ವತಃ ಹಿಮೋಫಿಲಿಯಾ ಇದ್ದ ಡಾ. ಸುರೇಶ ಹನಗವಾಡಿ ಅಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿದರು. ನೋವು ಉಂಡವನೇ ವೈದ್ಯನಾದರೆ ರೋಗಿಗೆ ಅರ್ಧ ಧೈರ್ಯ ಬಂದಂತೆ.

ಇತ್ತೀಚಿನ ಸುದ್ದಿ ವೆಲ್ಲೂರಿನದು. ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗವಾದ ಕಾಂಡಕೋಶ ಕೇಂದ್ರವಿದೆ. ರೋಗಿಯದೇ ರಕ್ತದ ಕಾಂಡಕೋಶಗಳನ್ನು ತೆಗೆದು, ಪಳಗಿಸಿದ ವೈರಸ್ಸಿನ ಮೂಲಕ ಅವುಗಳಿಗೆ ಎಂಟನೆಯ ಫ್ಯಾಕ್ಟರಿನ ಜೀನ್ ಸೇರಿಸಿ, ಮರಳಿ ಮೈಗೆ ಬಿಟ್ಟರು. ಹೀಗೆ ಚಿಕಿತ್ಸೆ ಪಡೆದ ಐವರಿಗೂ ಆಮೇಲೆ ರಕ್ತಸ್ರಾವವಾಗಲಿಲ್ಲವೆಂಬ ವರದಿ 2024ರ ಡಿಸೆಂಬರಿನಲ್ಲಿ ಬಂತು. ಐವರೇ, ನಿಜ. ಇದು ಜೀನ್ ಸೇರಿಸುವ ವಿದ್ಯೆ. ಇದ್ದ ಜೀನನ್ನೇ ಕತ್ತರಿಸಿ ತಿದ್ದುವ ಕ್ರಿಸ್ಪರ್ ವಿದ್ಯೆ ಬೇರೆ. ಅದರಿಂದ ಸಿಕಲ್ ಸೆಲ್ ಮತ್ತು ಥಲಸೀಮಿಯಾ ರೋಗಗಳಿಗೆ ಮಾಡಿದ ಚಿಕಿತ್ಸೆಗೆ ಬ್ರಿಟನ್ 2023ರಲ್ಲಿ ಒಪ್ಪಿಗೆ ಕೊಟ್ಟಿತು.

ಎರಡೂ ಮುಟ್ಟುವುದು ರಕ್ತವನ್ನು ಮಾತ್ರ, ಮುಂದಿನ ಪೀಳಿಗೆಯ ಬೀಜವನ್ನಲ್ಲ. ವೆಲ್ಲೂರಿನಲ್ಲಿ ಗುಣವಾದವನ ಗಂಡುಮಕ್ಕಳಿಗೆ ತಂದೆಯಿಂದ ಈ ರೋಗ ಬರುವುದಿಲ್ಲ. ಹೆಣ್ಣುಮಕ್ಕಳು ಮಾತ್ರ ಎಲ್ಲರೂ ಆ ಹಳೆಯ ಜೀನನ್ನು ಹೊತ್ತೇ ಹುಟ್ಟುತ್ತಾರೆ, ಅದನ್ನು ಹೊತ್ತುಕೊಂಡೇ ಗಂಡನ ಮನೆಗೆ ಹೋಗುತ್ತಾರೆ.