ಮೇಣ, ಲವಂಗ, ಸಿಮೆಂಟು: ಹುಳುಕು ಹಲ್ಲು ಮುಚ್ಚಿದ ಕಥೆ



ಹಲ್ಲುನೋವಿಗೂ ನಡುರಾತ್ರಿಗೂ ಅದೇನು ನಂಟೋ! ಹಗಲೆಲ್ಲ ಸುಮ್ಮನಿದ್ದ ಹಲ್ಲು ಊರು ಮಲಗಿದ ಮೇಲೆ ಎದ್ದು ಕೂರುತ್ತದೆ. ಲಕ್ಷ್ಮೀ ನಗರದ ಪಿ.ಜಿ. ಕೋಣೆಗಳಲ್ಲಿ ಸಿ.ಎ. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಂತೂ "ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ" ಎಂದು ಲವಂಗ ಕಚ್ಚಿಕೊಂಡೇ ಕಾಲ ತಳ್ಳುತ್ತಾರೆ. ಈಗ ಲವಂಗದ ಜೊತೆಗೆ ಇನ್ನೊಂದು ಬಂದಿದೆ. ಹಲ್ಲಿನ ತೂತನ್ನು ಮನೆಯಲ್ಲೇ ತಾತ್ಕಾಲಿಕವಾಗಿ ಮುಚ್ಚಿಕೊಳ್ಳುವ ಪುಟ್ಟ ಕಿಟ್. ಅಮೆರಿಕದ ಔಷಧಿ ಅಂಗಡಿಗಳಲ್ಲಿ ಡೆನ್‌ಟೆಂಪ್ ಮುಂತಾದ ಹೆಸರಿನಲ್ಲಿ ಸಿಗುವ ಇಂಥ ಕಿಟ್‌ಗಳನ್ನು ಇಲ್ಲಿ ಅಂತರ್ಜಾಲದ ಮೂಲಕ ತರಿಸಿಕೊಳ್ಳುವವರಿದ್ದಾರೆ. ಇದು ಹೊಸ ಕಾಲದ ಸರಕು ಎಂದುಕೊಳ್ಳಬೇಡಿ. ಇದರ ಕಥೆ ಸಾವಿರಾರು ವರ್ಷ ಹಳೆಯದು.

ಸ್ಲೊವೇನಿಯಾದ ಲೋಂಚೆ ಎಂಬಲ್ಲಿ ಸಿಕ್ಕ ಒಂದು ದವಡೆ ಸುಮಾರು 6,500 ವರ್ಷ ಹಳೆಯದು. ಅದರ ಬಿರುಕು ಬಿಟ್ಟ ಕೋರೆಹಲ್ಲಿನ ಮೇಲೆ ಜೇನುಮೇಣವಿರುವುದನ್ನು ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಆ ಮನುಷ್ಯ ಬದುಕಿದ್ದಾಗಲೇ ಅದನ್ನು ಹಚ್ಚಿದ್ದರೆ, ನೋವು ತಡೆಯಲೆಂದೇ ಹಚ್ಚಿರಬೇಕು ಎಂಬುದು ಅವರ ಊಹೆ. ನಮ್ಮ ವಾಗ್ಭಟನ ಅಷ್ಟಾಂಗಹೃದಯವೂ ಇದೇ ಮಾತನ್ನು ಹೇಳುತ್ತದೆ ನೋಡಿ. ಕೃಮಿದಂತದ, ಅಂದರೆ ಹುಳುಕು ಹಲ್ಲಿನ, ತೂತಿಗೆ ಬೆಲ್ಲವನ್ನೋ ಮೇಣವನ್ನೋ ತುಂಬಿ ಸುಡಬೇಕೆಂದು ಅದರಲ್ಲಿದೆ. ಬೆಲ್ಲ ಹಲ್ಲಿಗೆ ಶತ್ರುವೆಂದು ಆಗ ಯಾರಿಗೆ ಗೊತ್ತಿತ್ತು!

ಹಲ್ಲನ್ನು ಹುಳ ತಿನ್ನುತ್ತದೆ ಎಂಬ ನಂಬಿಕೆ ಲೋಕದಲ್ಲೆಲ್ಲ ಇತ್ತು. ನಮ್ಮ "ಹುಳುಕು" ಎಂಬ ಪದದಲ್ಲಿಯೇ ಹುಳ ಕೂತಿದೆ. ನೆಲಗುಳ್ಳದ ಬೀಜದ ಹೊಗೆ ಹಿಡಿದು ಹುಳ ಬೀಳಿಸುವ ಹಳ್ಳಿಯ ಚಿಕಿತ್ಸೆ ಬಂದದ್ದೂ ಅದರಿಂದಲೇ. ಫ್ರಾನ್ಸಿನ ಪಿಯೇರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿ, ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ಹುಳ ಕಾಣಲಿಲ್ಲ ಎಂದು ಬರೆದ. 1890ರಲ್ಲಿ ಡಬ್ಲ್ಯು. ಡಿ. ಮಿಲ್ಲರ್ ನಿಜವಾದ ಕಳ್ಳನನ್ನು ತೋರಿಸಿದ. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆ, ಪಿಷ್ಟಗಳನ್ನು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ.

ಇಷ್ಟರಲ್ಲಿ ಲವಂಗವೂ ಬಡ್ತಿ ಪಡೆದಿತ್ತು. ಲವಂಗದೆಣ್ಣೆಯ ಮುಖ್ಯ ಅಂಶ ಯೂಜಿನಾಲ್. ಅದಕ್ಕೆ ಝಿಂಕ್ ಆಕ್ಸೈಡ್ ಎಂಬ ಬಿಳಿ ಪುಡಿ ಕಲಸಿದರೆ ಕೆಲ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ, ಒಳಗಿನ ನರವನ್ನೂ ಸಮಾಧಾನಪಡಿಸುತ್ತದೆ. 1870ರ ದಶಕದಿಂದ ದಂತವೈದ್ಯರು ಬಳಸುತ್ತಿರುವ ಈ ತಾತ್ಕಾಲಿಕ ಸಿಮೆಂಟು ಇಂದಿಗೂ ಬಳಕೆಯಲ್ಲಿದೆ. ಮನೆಯ ಕಿಟ್‌ಗಳಲ್ಲಿಯೂ ಸಾಮಾನ್ಯವಾಗಿ ಝಿಂಕ್ ಆಕ್ಸೈಡ್ ಇರುವ ಇಂಥದೇ ಮಿಶ್ರಣವಿರುತ್ತದೆ.

ಹಾಗಾದರೆ ವೈದ್ಯರು ಯಾಕೆ ಬೇಕು? ಉತ್ತರ ಆಫ್ರಿಕಾದಿಂದ ಬಂದಿದೆ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ವಿದ್ಯುತ್ತೂ ಡ್ರಿಲ್ಲೂ ಇಲ್ಲದೆ ಹಲ್ಲು ಉಳಿಸುವ ಕ್ರಮವೊಂದು ರೂಪುಗೊಂಡಿತು. ಕೈ ಉಪಕರಣದಿಂದ ಕೊಳೆತ ಭಾಗವನ್ನು ಕೆರೆದು ತೆಗೆದು ಅಂಟುವ ಸಿಮೆಂಟು ತುಂಬುವುದು. ವಿಶ್ವ ಆರೋಗ್ಯ ಸಂಸ್ಥೆ 1994ರಿಂದ ಇದಕ್ಕೆ ಬೆಂಬಲ ನೀಡಿತು. ಇದಕ್ಕೆ ಬಳಸುವ ಗ್ಲಾಸ್ ಅಯನೋಮರ್ ಸಿಮೆಂಟು 2021ರಲ್ಲಿ ಅದರ ಅಗತ್ಯ ಔಷಧಿಗಳ ಪಟ್ಟಿಗೂ ಸೇರಿತು. ಇದೂ ಸರಳ ಮುಚ್ಚಳವೇ. ಆದರೆ ಕಲಿತ ಕೈ ಮೊದಲು ಕೊಳೆತ ತೆಗೆದು ಆಮೇಲೆ ಮುಚ್ಚುತ್ತದೆ. ಮೇಣ, ಬೆಲ್ಲ, ಮನೆಯ ಕಿಟ್ ಇವು ಕೊಳೆತವನ್ನು ಒಳಗೇ ಬಿಟ್ಟು ಮುಚ್ಚುತ್ತವೆ.

ಕಲಿತ ಕೈ ನಮ್ಮಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಡಾ. ರಫೀಉದ್ದೀನ್ ಅಹ್ಮದ್ ದೇಶದ ಮೊದಲ ದಂತ ಕಾಲೇಜನ್ನು ಕಲಕತ್ತೆಯಲ್ಲಿ ಆರಂಭಿಸಿದ್ದು 1920ರಲ್ಲಿ. 1948ರ ದಂತವೈದ್ಯ ಕಾಯ್ದೆ ಬಂದಾಗ, ಪದವಿಯಿಲ್ಲದೆ ವರ್ಷಗಳಿಂದ ಅದೇ ಕಸುಬು ಮಾಡುತ್ತಿದ್ದವರಿಗೆ ನೋಂದಣಿಯಲ್ಲಿ ಬೇರೆಯೇ ಭಾಗ ಮಾಡಬೇಕಾಯಿತು. ಮಣಿಪಾಲದಲ್ಲಿ 1953ರಲ್ಲಿ, ಬೆಂಗಳೂರಿನಲ್ಲಿ 1958ರಲ್ಲಿ ಕಾಲೇಜುಗಳು ಬಂದವು. ಅದಕ್ಕೂ ಮೊದಲು ನಮ್ಮ ಹಿರಿಯರ ಪಾಲಿಗೆ ಇದ್ದದ್ದು ಬೇವಿನ ಕಡ್ಡಿ, ಲವಂಗ, 1913ರಲ್ಲಿ ಶುರುವಾದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ, ಕೊನೆಗೆ ಇಕ್ಕಳ. ಅವರ ಬಾಯಿಯ ಖಾಲಿ ಜಾಗಗಳಿಗೆ ಅಸಡ್ಡೆಯೊಂದೇ ಕಾರಣವಲ್ಲ.

ನಮಗೆ ಆ ನೆಪವಿಲ್ಲ. ಲಕ್ಷ್ಮೀ ನಗರದಿಂದ ವಿಕಾಸ ಮಾರ್ಗ ಹಿಡಿದು ಯಮುನೆ ದಾಟಿದರೆ ಐ.ಟಿ.ಒ., ಅಲ್ಲಿಂದ ಬಹಾದುರ್ ಶಾ ಜಫರ್ ಮಾರ್ಗದಲ್ಲಿ ಸ್ವಲ್ಪ ಮುಂದೆ ದೆಹಲಿ ಸರ್ಕಾರದ ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆ. ಆದರೂ ವೈದ್ಯರು ಕೈಗೆ ಸಿಗದ ದಿನಗಳು ಬರುತ್ತವೆ. 2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿದ್ದದ್ದು ನೆನಪಿದೆಯಲ್ಲ? ಆ ಮೇ ತಿಂಗಳ ಸರ್ಕಾರಿ ಮಾರ್ಗಸೂಚಿ ಕೆಂಪು ವಲಯಗಳಲ್ಲಿ ತುರ್ತು ದಂತ ಚಿಕಿತ್ಸೆಗೆ ಮಾತ್ರ ಅವಕಾಶ ಕೊಟ್ಟಿತ್ತು. ಅಂಥ ಹೊತ್ತಿಗೆ, ದೂರ ಪ್ರಯಾಣಕ್ಕೆ, ಭಾನುವಾರದ ರಾತ್ರಿಗೆ ಕಿಟ್ ಒಳ್ಳೆಯ ಆಸರೆಯೇ.

ಬಳಸುವುದಾದರೆ ಇಷ್ಟು ನೆನಪಿರಲಿ. ಊತ, ಕೀವು, ಜ್ವರ ಇದ್ದರೆ ತೂತು ಮುಚ್ಚಲೇಬೇಡಿ. ಆಗ ಕೂಡಲೇ ವೈದ್ಯರ ಬಳಿ ಹೋಗಬೇಕು. ಮನೆಯ ಅಂಟು, ಫೆವಿಕ್ವಿಕ್ ಬಾಯಿಗೆ ಬೇಡವೇ ಬೇಡ. ನೋವಿನ ಮಾತ್ರೆಯನ್ನು ವಸಡಿನ ಮೇಲೆ ಇಟ್ಟುಕೊಂಡರೆ ವಸಡು ಸುಡುತ್ತದೆ. ಏನು ತುಂಬಿದ್ದಿರೆಂದು ವೈದ್ಯರಿಗೆ ಹೇಳಿ, ಯೂಜಿನಾಲ್ ಇದ್ದರೆ ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್ ಸರಿಯಾಗಿ ಗಟ್ಟಿಯಾಗದು.

ಎಲ್ಲಕ್ಕಿಂತ ಮುಖ್ಯವಾಗಿ, ನೋವು ನಿಂತಿತೆಂದು ರೋಗ ನಿಂತಿತೆಂದುಕೊಳ್ಳಬೇಡಿ. ಒಳಗಿನ ನರ ಸತ್ತರೂ ನೋವು ನಿಲ್ಲುತ್ತದೆ, ಸೋಂಕು ಮಾತ್ರ ಬೇರಿನ ಕಡೆಗೆ ಇಳಿಯುತ್ತಿರುತ್ತದೆ. ಇಂದು ರಾತ್ರಿ ಕಿಟ್ ಬಳಸಿದವರು ನಾಳೆ ಬೆಳಿಗ್ಗೆಯೇ ವೈದ್ಯರ ಸಮಯ ಗೊತ್ತುಮಾಡಿಕೊಳ್ಳಿ. ಪರೀಕ್ಷೆ ಮುಗಿಯುವವರೆಗೆ ಹಲ್ಲು ಕಾಯುವುದಿಲ್ಲ.