ಬಾಯಿಮಾತು, ಬಸವಿ, ಹೆಬ್ಬೆಟ್ಟು: ಹಳೆಯ ಬಳ್ಳಾರಿ ಜಿಲ್ಲೆಯ ಪಡುವಣ ತಾಲ್ಲೂಕುಗಳಲ್ಲಿ ಮರಣಶಾಸನದ ಚರಿತ್ರೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಹಿರಿಯರು ಆಸ್ತಿ ಬರೆದಿಟ್ಟರೆ ಜನ ‘ವಿಲ್ ಮಾಡ್ಸ್ಯಾರ’ ಅನ್ನುತ್ತಾರೆ. ಕಾಗದದ ತಲೆಯ ಮೇಲೆ ಮಾತ್ರ ‘ಮರಣಶಾಸನ ಪತ್ರ’ ಎಂದಿರುತ್ತದೆ. ತುಂಗಭದ್ರೆ ದಾಟಿ ಧಾರವಾಡದ ಕಡೆ ಹೋದರೆ ಅದೇ ಕಾಗದ ‘ಮೃತ್ಯುಪತ್ರ’, ಮೈಸೂರಿನ ಕಡೆ ‘ಉಯಿಲು’. ಹೆಸರುಗಳು ಬೇರೆಯಾದದ್ದು ಆಡುನುಡಿಯ ಭೇದದಿಂದ ಮಾತ್ರವಲ್ಲ. 1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದ್ರಾಸಿಗೆ, ಹೊಳೆಯಾಚೆಯ ಧಾರವಾಡ ಮುಂಬಯಿಗೆ, ತೆಂಕಣದ ಜಗಳೂರು, ಮೊಳಕಾಲ್ಮೂರು ಮೈಸೂರಿಗೆ ಸೇರಿದ್ದವು. ಸತ್ತವನ ಆಸ್ತಿ ಯಾರಿಗೆ ಎಂಬ ಪ್ರಶ್ನೆಗೆ ಈ ಮೂರು ಆಡಳಿತಗಳಲ್ಲೂ ಒಂದೇ ಉತ್ತರವಿರಲಿಲ್ಲ.

ಈ ಲೇಖನದ ವಾದ ಚಿಕ್ಕದು. ಇಲ್ಲಿ ವಿಲ್ಲು ಎಂಬ ಕಾಗದ ತಡವಾಗಿ ಬಂತು. ಅದು ಬರುವ ಮೊದಲು ಅದರ ಕೆಲಸ ಮಾಡುತ್ತಿದ್ದ ಪದ್ಧತಿಗಳಿದ್ದವು. ಅವುಗಳಲ್ಲಿ ಮುಖ್ಯವಾದವು ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳ ಮೂಲಕ ಹೊಲ ಉಳಿಸಿಕೊಳ್ಳುವ ಉಪಾಯಗಳು. ಕಾಗದ ಬಂದ ಮೇಲೆ ಅದು ಬಹುಮಟ್ಟಿಗೆ ಇದಕ್ಕೆ ತಿರುಗುಮುರುಗಾದ, ಮಗಳನ್ನು ಹೊಲದಿಂದ ಹೊರಗಿಡುವ ಕೆಲಸಕ್ಕೆ ಒದಗಿತು.

ಹರಪನಹಳ್ಳಿ ಬಳಿಯ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಿವೆ. ಅವು ಹೇಳುವ ದಾನಗಳಲ್ಲಿ ಭೂಮಿ ಕೊಟ್ಟವನು ಬದುಕಿರುವಾಗಲೇ, ಊರವರ ಎದುರಿಗೆ ಕೊಟ್ಟ. ಸತ್ತ ಮೇಲೆ ಜಾರಿಗೆ ಬರುವ ಕೊಡುಗೆ ಎಂಬ ಕಲ್ಪನೆ ಅಲ್ಲಿ ಕಾಣುವುದಿಲ್ಲ. ಅದೇ ರಾಜಮನೆತನದ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ, ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ತಿರುಳು. ಹುಟ್ಟಿನಿಂದಲೇ ಹಕ್ಕು ಇದ್ದ ಮೇಲೆ ಸಾಯುವವನು ಹೊಸದಾಗಿ ಕೊಡುವುದೇನು? ವಿಲ್ಲಿಗೆ ಅಲ್ಲಿ ಜಾಗವೇ ಇರಲಿಲ್ಲ. ಬ್ರಿಟಿಷ್ ನ್ಯಾಯಾಲಯಗಳು ಮುಂದೆ ಈ ಹಳ್ಳಿಗಳ ಮೇಲೆ ಹೇರಿದ ‘ಹಿಂದೂ ಕಾನೂನು’ ಹೀಗೆ ಈ ಹಳ್ಳಿಗಳನ್ನು ಆಳಿದ ದೊರೆಯ ರಾಜಧಾನಿಯಲ್ಲೇ ಹುಟ್ಟಿತ್ತು ಎಂಬುದನ್ನು ಬಳ್ಳಾರಿಯ ಚರಿತ್ರೆ ಬರೆಯುವವರು ನೆನೆಯುವುದು ಕಡಿಮೆ.

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಪ್ರಧಾನ ಕಲೆಕ್ಟರಾಗಿ ಬಂದು ರೈತವಾರಿ ಪದ್ಧತಿಗೆ ಬುನಾದಿ ಹಾಕಿದ. ಪಟ್ಟಾ ಒಬ್ಬ ರೈತನ ಹೆಸರಿಗೆ, ಹೊಲ ಮಾತ್ರ ಮನೆತನದ್ದು. ‘ಪಟ್ಟಾ ನನ್ನ ಹೆಸರಿನಲ್ಲಿದೆ, ಹೊಲ ನಂದು’ ಎಂಬ ಭ್ರಮೆ ಅಲ್ಲಿಂದ ಶುರುವಾಯಿತು ಎಂದು ನನ್ನ ಎಣಿಕೆ. ಪಟ್ಟಾ ಹೋಗಿ ಪಹಣಿ ಬಂದರೂ ಭ್ರಮೆ ಹೋಗಿಲ್ಲ. ಇವತ್ತು ನ್ಯಾಯಾಲಯದಲ್ಲಿ ಬೀಳುವ ಎಷ್ಟೋ ವಿಲ್ಲುಗಳ ಬುಡದಲ್ಲಿ ಇದೇ ಇದೆ.

ವಿಲ್ಲಿನ ವಿಷಯದಲ್ಲಿ ಮದ್ರಾಸ್ ಸರ್ಕಾರಕ್ಕೂ ಮೊದಮೊದಲು ಗೊಂದಲವಿತ್ತು. 1829ರ 5ನೇ ರೆಗ್ಯುಲೇಷನ್ನು ಹಿಂದೂಗಳ ವಿಲ್ಲು ಹಿಂದೂ ಧರ್ಮಶಾಸ್ತ್ರಕ್ಕೆ ಹೊಂದಿದಷ್ಟು ಮಟ್ಟಿಗೆ ಮಾತ್ರ ಊರ್ಜಿತ ಎಂದು ಸಾರಿತು. 1856ರಲ್ಲಿ ನಾಗಲಕ್ಷ್ಮಿ ಅಮ್ಮಾಳ್ ಮತ್ತು ಗೋಪು ನಾಡರಾಜ ಚೆಟ್ಟಿ ನಡುವಿನ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್, ಹಳೆಯ ಹಿಂದೂ ನ್ಯಾಯಕ್ಕೆ ವಿಲ್ಲು ಗೊತ್ತಿರಲಿಲ್ಲವೆಂದು ಒಪ್ಪಿಕೊಂಡೇ ಮದ್ರಾಸ್ ಹಿಂದೂವಿನ ವಿಲ್ಲನ್ನು ಎತ್ತಿಹಿಡಿಯಿತು. 1874ರಲ್ಲಿ ವಿಟ್ಲ ಬುಟ್ಟೆನ್ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟು ಗಡಿ ಹಾಕಿತು: ಒಟ್ಟು ಕುಟುಂಬದಲ್ಲಿರುವವನು ತನ್ನ ಅವಿಭಕ್ತ ಪಾಲನ್ನು ವಿಲ್ಲಿನಲ್ಲಿ ಬರೆಯುವಂತಿಲ್ಲ. ಅವನ ಉಸಿರು ನಿಂತ ಗಳಿಗೆಗೆ ಎರಡು ಹಕ್ಕುಗಳು ಎದುರಾಗುತ್ತವೆ, ಉಳಿದ ಭಾಗಸ್ಥರ ಹಕ್ಕು ಮೊದಲಿನದು, ಆದ್ದರಿಂದ ಅದಕ್ಕೇ ಗೆಲುವು.

ಇನ್ನು 1870ರ ಹಿಂದೂ ವಿಲ್ಸ್ ಕಾಯ್ದೆ. ವಿಲ್ಲು ಬರವಣಿಗೆಯಲ್ಲಿರಬೇಕು, ಇಬ್ಬರು ಸಾಕ್ಷಿ ಬೇಕು ಎಂದದ್ದು ಅದು. ಆದರೆ ನಮ್ಮ ಪ್ರಾಂತ್ಯದಲ್ಲಿ ಅದು ಅನ್ವಯಿಸಿದ್ದು ಮದ್ರಾಸ್ ಪಟ್ಟಣಕ್ಕೆ, ಅಲ್ಲಿನ ಸ್ಥಿರಾಸ್ತಿಗೆ. ಹಡಗಲಿಯ ರೈತನಿಗೆ ಅದರ ಗೊಡವೆ ಇರಲಿಲ್ಲ. 1927ರ ಜನವರಿ 1ರಿಂದ ಬರೆಯುವ ಎಲ್ಲ ಹಿಂದೂ ವಿಲ್ಲುಗಳಿಗೆ ಈ ನಿಯಮಗಳು ಬರುವ ತನಕ ಇಲ್ಲಿ ಬಾಯಿಮಾತಿನ ವಿಲ್ಲೂ ಕಾನೂನುಬದ್ಧವೇ. ಹಾಸಿಗೆ ಹಿಡಿದವನು ಕುಲದ ಹಿರಿಯರನ್ನು ಕರೆಸಿ ‘ನನ್ನ ಹಿಂದ ಬಾವಿ ಹೊಲ ಇವಳಿಗೆ’ ಅಂದರೆ ಸಾಕಿತ್ತು. ಕೇಳಿಸಿಕೊಂಡವರ ನೆನಪೇ ದಾಖಲೆ. ಮುಸ್ಲಿಮರಿಗೆ ಬಾಯಿಮಾತಿನ ಈ ಸೌಕರ್ಯ ಇಂದಿಗೂ ಉಂಟು. ಆದರೆ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರೆಯುವಂತಿಲ್ಲ.

ಬಾಯಿಮಾತಿಗಿಂತಲೂ ಗಟ್ಟಿಯಾದ ಉಪಾಯಗಳಿದ್ದವು. ಮೊದಲನೆಯದು ಬಸವಿ ಬಿಡುವುದು. ಗಂಡು ಸಂತಾನವಿಲ್ಲದ ಬೇಡರ ಮತ್ತಿತರ ಜಾತಿಗಳ ಮನೆಗಳಲ್ಲಿ ಮಗಳನ್ನು ದೇವರಿಗೆ ಬಿಡುತ್ತಿದ್ದರು. ಆಕೆ ಮದುವೆಯಾಗಿ ಹೊರಗೆ ಹೋಗುವಂತಿಲ್ಲ. ತವರಲ್ಲೇ ಇದ್ದು ಮಗನ ಹಾಗೆ ತಂದೆಯ ಕ್ರಿಯೆ ಮಾಡಬೇಕು, ಆಸ್ತಿಗೆ ವಾರಸುದಾರಳಾಗಬೇಕು, ಅವಳ ಮಕ್ಕಳು ತಾತನ ಮನೆತನವನ್ನು ಮುಂದುವರಿಸಬೇಕು. 19ನೆಯ ಶತಮಾನದ ಕೊನೆಗೆ ಮದ್ರಾಸ್ ಪೊಲೀಸ್ ಅಧಿಕಾರಿ ಫಾಸೆಟ್ ಬಸವಿಯರ ಬಗ್ಗೆ ಬರೆದ ಪ್ರಬಂಧದ ಶೀರ್ಷಿಕೆಯೇ ಅವರನ್ನು ಗಂಡಸಿನ ಹಕ್ಕು ಪಡೆದ ಹೆಂಗಸರು ಎನ್ನುತ್ತದೆ. ಒಬ್ಬ ಹುಡುಗಿಯ ಬಾಳನ್ನೇ ಪತ್ರ ಮಾಡಿ ಬರೆದ ವಿಲ್ಲು ಇದು. ಹಕ್ಕು ಸಿಕ್ಕಿತು ನಿಜ, ಅದಕ್ಕೆ ತೆತ್ತದ್ದನ್ನು ಮರೆತು ಈ ಪದ್ಧತಿಯನ್ನು ಹೊಗಳುವ ವಿದ್ವಾಂಸರ ಬಗ್ಗೆ ನನಗೆ ತಕರಾರಿದೆ. ಬಳ್ಳಾರಿ ಇನ್ನೂ ಮದ್ರಾಸಿನಲ್ಲಿದ್ದಾಗ 1947ರ ಕಾಯ್ದೆ, ಆಮೇಲೆ ಕರ್ನಾಟಕದ 1982ರ ಕಾಯ್ದೆ ದೇವರಿಗೆ ಬಿಡುವುದನ್ನು ಅಪರಾಧ ಮಾಡಿದವು.

ಎರಡನೆಯದು ಮನೆ ಅಳಿಯತನ. ರೆಡ್ಡಿಗಳಲ್ಲಿ ಇದಕ್ಕೆ ಇಲ್ಲಟಂ ಎಂದು ಹೆಸರು. ಮಗಳಿಗೆ ಗಂಡು ತಂದು ಮನೆಯಲ್ಲೇ ಇಟ್ಟುಕೊಂಡು, ದುಡಿಮೆಗೆ ಪ್ರತಿಯಾಗಿ ಮಗನ ಪಾಲು ಕೊಡುವ ಕರಾರು. 1881ರಲ್ಲಿ ಹನುಮಂತಮ್ಮ ಮತ್ತು ರಾಮಿರೆಡ್ಡಿ ನಡುವಿನ ಮೊಕದ್ದಮೆಯಲ್ಲಿ ಮದ್ರಾಸ್ ಹೈಕೋರ್ಟು, ಬಳ್ಳಾರಿ ಮತ್ತು ಕರ್ನೂಲು ಜಿಲ್ಲೆಗಳ ಮೋಟಾಟಿ ಕಾಪು ಎಂಬ ರೆಡ್ಡಿಗಳಲ್ಲಿ ಈ ರೂಢಿ ಇರುವುದನ್ನು ಮಾನ್ಯ ಮಾಡಿತು. ಮುಂದೆ ಮಗ ಹುಟ್ಟುವ ಆಸೆ ಪೂರ್ತಿ ಬಿಟ್ಟಿರದಿದ್ದರೂ ಅಳಿಯನನ್ನು ತಂದುಕೊಳ್ಳಬಹುದು. ಅಳಿಯನಾಗಿ ಬಂದವನು ದತ್ತುಮಗನ ಹಾಗೆ ಹುಟ್ಟಿದ ಮನೆಯ ಹಕ್ಕನ್ನು ಕಳೆದುಕೊಳ್ಳುವುದೂ ಇಲ್ಲ. ಒಂದಕ್ಷರ ಬರೆಯದೆ ಇಷ್ಟೆಲ್ಲ ನಡೆಯುತ್ತಿತ್ತು.

ಆದರೆ ಬಯಸಿದವರಿಗೆ ಕೊಡುವ ಈ ಸ್ವಾತಂತ್ರ್ಯ ಎಲ್ಲ ಹೊಲಕ್ಕೂ ಇರಲಿಲ್ಲ. ತಳವಾರಿಕೆ, ಕರಣಿಕೆಯಂಥ ಊರ ಚಾಕರಿಯ ಇನಾಮು ಜಮೀನನ್ನು 1895ರ ಮದ್ರಾಸ್ ಕಾಯ್ದೆ ಪರಭಾರೆಗೆ ನಿಷೇಧಿಸಿತ್ತು.

1933ರಲ್ಲಿ ಮೈಸೂರು ಸಂಸ್ಥಾನ ಹೆಂಗಸರ ಹಕ್ಕಿನ ಕಾಯ್ದೆ ಮಾಡಿ, ಒಟ್ಟು ಕುಟುಂಬ ಪಾಲಾಗುವಾಗ ವಿಧವೆ, ತಾಯಿ, ಮದುವೆಯಾಗದ ಮಗಳಿಗೂ ಭಾಗ ಕೊಟ್ಟಿತು. ಜಗಳೂರಿನ ಮಗಳಿಗೆ ಸಿಕ್ಕದ್ದು ಪಕ್ಕದ ಕೊಟ್ಟೂರಿನ ಮಗಳಿಗೆ ಸಿಗಲಿಲ್ಲ. ಇಲ್ಲಿಗೆ ಬಂದದ್ದು 1937ರ ಕೇಂದ್ರ ಕಾಯ್ದೆ, ಅದೂ ವಿಧವೆಗೆ, ಜೀವಿತಾವಧಿಯ ಹಕ್ಕು ಮಾತ್ರ. ಎರಡೂ ಕಡೆಗೆ ಒಂದೇ ಕಾನೂನಾದದ್ದು 1956ರಲ್ಲಿ. ಆ ವರ್ಷದ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂ, 1874ರ ತೀರ್ಪಿನ ಗಡಿಯನ್ನು ಕಿತ್ತುಹಾಕಿ, ಅವಿಭಕ್ತ ಪಾಲನ್ನೂ ವಿಲ್ಲಿನಲ್ಲಿ ಬರೆಯಬಹುದು ಎಂದಿತು. ಅದೇ ಕಾಯ್ದೆ ತಂದೆಯ ಪಾಲಿನಲ್ಲಿ ಮಗಳನ್ನು ಮೊದಲ ಸಾಲಿನ ವಾರಸುದಾರಳನ್ನಾಗಿಯೂ ಮಾಡಿತು. ಮಗಳಿಗೆ ಒಂದು ಬಾಗಿಲು ತೆರೆದ ಕೈಯೇ ತಂದೆಗೆ ಅದರ ಬೀಗದ ಕೀಲಿ ಕೊಟ್ಟಿತು. ಈ ಭಾಗದಲ್ಲಿ ವಿಲ್ಲಿನ ಬಳಕೆ ಬೇರೂರಿದ ಕಾರಣವನ್ನು ನಾನು ಇಲ್ಲಿ ಹುಡುಕುತ್ತೇನೆ.

ಇಲ್ಲಿನ ಒಂದು ಸಾಧಾರಣ ಪತ್ರ ಹೇಗಿರುತ್ತದೆ ನೋಡಿ. ಛಾಪಾ ಕಾಗದ ಇದ್ದೇ ಇರುತ್ತದೆ, ವಿಲ್ಲಿಗೆ ಛಾಪಾ ಶುಲ್ಕವೇ ಇಲ್ಲದಿದ್ದರೂ. ಬೆಲೆ ಕೊಟ್ಟ ಕಾಗದಕ್ಕೆ ಬಲ ಹೆಚ್ಚೆಂಬ ನಂಬಿಕೆ. ‘ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ’ ಎಂಬ ಒಕ್ಕಣೆ, ಸರ್ವೆ ನಂಬರು, ಚೆಕ್ಕುಬಂದಿ, ಕೆಳಗೆ ಎಡಗೈ ಹೆಬ್ಬೆಟ್ಟು, ಮೂಲೆಯಲ್ಲಿ ‘ಬಿಕ್ಕಲಂ’ ಎಂದು ಬರೆದವನ ರುಜು. ಕಾನೂನು ಕೇಳುವುದು ಇದಕ್ಕಿಂತ ಕಡಿಮೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನ ಪ್ರಕಾರ ಬರೆಸಿದವನ ಸಹಿ ಅಥವಾ ಗುರುತು ಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಅವರಲ್ಲಿ ಪ್ರತಿಯೊಬ್ಬನೂ ಆ ಸಹಿ ಬಿದ್ದದ್ದನ್ನು ಕಣ್ಣಾರೆ ಕಂಡಿರಬೇಕು, ಇಲ್ಲವೆ ಬರೆಸಿದವನ ಬಾಯಿಂದ ‘ನಂದೇ ಸಹಿ’ ಎಂದು ಕೇಳಿರಬೇಕು, ಆಮೇಲೆ ಬರೆಸಿದವನ ಎದುರಿಗೇ ತಾನೂ ಸಹಿ ಹಾಕಬೇಕು. ಇಬ್ಬರೂ ಒಟ್ಟಿಗೇ ಇರಬೇಕೆಂದಿಲ್ಲ. ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದು ಐಚ್ಛಿಕ. ನೋಂದಾಯಿಸಿದ ಮಾತ್ರಕ್ಕೆ ವಿಲ್ಲು ರುಜುವಾತಾದಂತೆಯೂ ಅಲ್ಲ.

ರುಜುವಾತಿನ ಭಾರ ಎಂಥದ್ದು ಎಂದು ಸುಪ್ರೀಂ ಕೋರ್ಟು ತಿಳಿಹೇಳಿದ್ದು ಮೈಸೂರು ಸೀಮೆಯ ಪ್ರಕರಣದಲ್ಲೇ: 1958ರಲ್ಲಿ ತೀರ್ಪಾದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಮೊಕದ್ದಮೆ. ವಿಲ್ಲಿನಿಂದ ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದ್ದರೆ, ಆ ಅನುಮಾನವನ್ನು ಅವನೇ ತೊಡೆಯಬೇಕು. ಮಗ ಅಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಬರೆಸಿಕೊಂಡು ಬಂದ ಪತ್ರಗಳೆಲ್ಲ ಎಡವುವುದು ಇಲ್ಲಿಯೇ. ವಿಲ್ಲಿನಲ್ಲಿ ಏನನ್ನು ಬರೆಯಬಹುದು ಎಂಬುದಕ್ಕೂ ಮಿತಿಯುಂಟು: ಭೂ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಿದ ಗೇಣಿದಾರ ತನ್ನ ಗೇಣಿ ಹಕ್ಕನ್ನು ಹೊರಗಿನವರಿಗೆ ವಿಲ್ಲು ಬರೆಯುವಂತಿಲ್ಲವೆಂದು ಜಮಖಂಡಿಯ ಬಂಗಿ ಪ್ರಕರಣದಲ್ಲಿ 1998ರಲ್ಲಿ ತೀರ್ಪಾಯಿತು.

ಈಚೆಗೆ ಇನ್ನೊಂದು ಜಾಣತನ ಕಾಣುತ್ತದೆ. ಗಂಡುಮಕ್ಕಳಿಗೆ ಹೊಲ ಬರೆದ ವಿಲ್ಲಿಗೆ ಮಗಳನ್ನೇ ಸಾಕ್ಷಿ ಮಾಡುವುದು. ‘ತಂಗಿನೂ ಹೆಬ್ಬೆಟ್ಟು ಹಾಕ್ಯಾಳ, ಇನ್ನ ಕೇಳೂದಿಲ್ಲ’ ಎಂಬ ಲೆಕ್ಕ. ಸಾಕ್ಷಿ ಹಾಕಿದವಳು ಸಹಿಯನ್ನು ಕಂಡಳೇ ಹೊರತು ಪತ್ರದ ಒಳಗಿನದನ್ನು ಒಪ್ಪಿದಳೆಂದು ಕಾನೂನು ತಿಳಿಯುವುದಿಲ್ಲ. ಮೇಲಾಗಿ 2005ರ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿದೆ. 2020ರ ವಿನೀತಾ ಶರ್ಮಾ ತೀರ್ಪು ತಂದೆ ಆ ತಿದ್ದುಪಡಿಗೆ ಮೊದಲೇ ತೀರಿಹೋಗಿದ್ದರೂ ಆ ಹಕ್ಕು ಉಂಟೆಂದಿತು. ಎಂಟು ಎಕರೆ ಪಿತ್ರಾರ್ಜಿತ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಎನ್ನಿ. ಮದ್ರಾಸ್ ಸಂಪ್ರದಾಯದಲ್ಲಿ ಪಾಲಿನ ಹೊತ್ತಿಗೆ ಹೆಂಡತಿಗೆ ಭಾಗವಿಲ್ಲ. ಹಾಗಾಗಿ ತಂದೆಯ ಪಾಲು ಎರಡೇ ಎಕರೆ. ಪತ್ರದಲ್ಲಿ ಎಂಟೂ ಎಕರೆಯ ಚೆಕ್ಕುಬಂದಿ ಬರೆಸಿದ್ದರೂ ವಿಲ್ಲು ಓಡುವುದು ಆ ಎರಡು ಎಕರೆಯ ಬದುವಿನ ತನಕ.